ಮೈದಾನದ ಮೇಷ್ಟ್ರು ನೂಟ್ ರಾಕ್ನಿ



ಶಿಕ್ಷಕರೆಂದರೆ ಕಪ್ಪುಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತವರು ಎಂಬ ಚಿತ್ರ ನಮ್ಮೆಲ್ಲರ ಮನಸ್ಸಿನಲ್ಲಿದೆ. ಆದರೆ ಬೆಳಿಗ್ಗೆ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಪಾಠ ಮಾಡಿ, ಸಂಜೆ ಮೈದಾನಕ್ಕಿಳಿದು ಆಟ ಕಲಿಸಿದ ಮೇಷ್ಟ್ರೊಬ್ಬರು ಅಮೆರಿಕದಲ್ಲಿದ್ದರು. ಅವರ ಹೆಸರು ನೂಟ್ ರಾಕ್ನಿ. ಅಮೆರಿಕನ್ ಫುಟ್‌ಬಾಲ್ ಎಂಬ ಆಟದ ಇತಿಹಾಸದಲ್ಲಿ ಇವರಷ್ಟು ಬಣ್ಣಬಣ್ಣದ ವ್ಯಕ್ತಿತ್ವದ ತರಬೇತುದಾರರು ವಿರಳ. ಇವರು ಹದಿಮೂರು ವರ್ಷಗಳ ಕಾಲ ಒಂದೇ ಕಾಲೇಜಿನ ತಂಡವನ್ನು ನಡೆಸಿದರು. 105 ಪಂದ್ಯ ಗೆದ್ದರು, 12ರಲ್ಲಿ ಸೋತರು, 5 ಪಂದ್ಯ ಸಮವಾದವು. ನಲವತ್ತಮೂರನೆಯ ವಯಸ್ಸಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ಇಡೀ ದೇಶವೇ ಮರುಗಿತು.

ಇವರ ಬಗ್ಗೆ ನಿಮಗೆ ತಿಳಿಸಲು ಇನ್ನೊಂದು ಕಾರಣವೂ ಇದೆ. ರಾಕ್ನಿಯವರ ಹೆಸರು ಉಳಿದಿರುವುದು ಮುಖ್ಯವಾಗಿ ಅವರು ಒಂದು ಮಧ್ಯಾಹ್ನ ಹುಡುಗರಿಗೆ ಹೇಳಿದ ಒಂದು ಕಥೆಯಿಂದ. ಆ ಕಥೆ ನಿಜವೋ ಅಲ್ಲವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಶಿಷ್ಯರನ್ನು ಹುರಿದುಂಬಿಸಲು ಉಸ್ತಾದರು ಸುಳ್ಳು ಹೇಳಬಹುದೇ? ಹಾಗೆ ಗೆದ್ದ ಗೆಲುವಿನ ಬೆಲೆ ಏನು? ಕಲಿಯುವವರೂ ಕಲಿಸುವವರೂ ಯೋಚಿಸಬೇಕಾದ ಪ್ರಶ್ನೆ ಇದು. ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅವರ ಬದುಕನ್ನು ನೋಡೋಣ.

ಬಾಲ್ಯ ಮತ್ತು ವಿದ್ಯಾಭ್ಯಾಸ

ನೂಟ್ ರಾಕ್ನಿ ಹುಟ್ಟಿದ್ದು ಅಮೆರಿಕದಲ್ಲಲ್ಲ. 1888ರ ಮಾರ್ಚ್ 4ರಂದು ನಾರ್ವೆ ದೇಶದ ವೋಸ್ ಎಂಬ ಊರಿನಲ್ಲಿ ಅವರ ಜನನ. ತಂದೆ ಲಾರ್ಸ್ ರಾಕ್ನಿ ಕುದುರೆಗಾಡಿಗಳನ್ನು ತಯಾರಿಸುವ ಕಸುಬಿನವರು. 1893ರಲ್ಲಿ ಷಿಕಾಗೋ ನಗರದಲ್ಲಿ ನಡೆದ ವಿಶ್ವ ಮಹಾಮೇಳಕ್ಕೆ ತಮ್ಮ ಗಾಡಿಯೊಂದಿಗೆ ಹೋದ ಅವರು ಅಲ್ಲಿಯೇ ನೆಲೆಸಲು ನಿರ್ಧರಿಸಿದರು. ತಾಯಿ ಮಕ್ಕಳನ್ನು ಕರೆದುಕೊಂಡು ಹಡಗು ಹತ್ತಿದರು. ಆಗ ನೂಟ್‌ಗೆ ಐದು ವರ್ಷ. ಇಂಗ್ಲಿಷ್ ಒಂದಕ್ಷರವೂ ಬಾರದ ಆ ಬಾಲಕ ಷಿಕಾಗೋದ ಬೀದಿಗಳಲ್ಲಿ ವಲಸಿಗರ ಮಕ್ಕಳೊಡನೆ ಆಡುತ್ತಾ ಭಾಷೆಯನ್ನೂ ಆಟವನ್ನೂ ಒಟ್ಟಿಗೇ ಕಲಿತನು. ಬೇಸ್‌ಬಾಲ್ ಆಟದಲ್ಲಿ ಬ್ಯಾಟಿನ ಏಟು ಬಿದ್ದು ಮೂಗು ಚಪ್ಪಟೆಯಾಯಿತು. ಆ ಚಪ್ಪಟೆ ಮೂಗು ಜೀವನದುದ್ದಕ್ಕೂ ಅವರ ಗುರುತಾಗಿ ಉಳಿಯಿತು.

ಮನೆಯಲ್ಲಿ ಕಾಲೇಜಿಗೆ ಕಳಿಸುವಷ್ಟು ಅನುಕೂಲ ಇರಲಿಲ್ಲ. ನೂಟ್ ಷಿಕಾಗೋದ ಅಂಚೆ ಕಚೇರಿಯಲ್ಲಿ ಟಪಾಲು ವಿಂಗಡಿಸುವ ಕೆಲಸಕ್ಕೆ ಸೇರಿ, ಸುಮಾರು ನಾಲ್ಕು ವರ್ಷ ದುಡಿದು, ಸಂಬಳದಲ್ಲಿ ಉಳಿಸುತ್ತಾ ಬಂದರು. 1910ರಲ್ಲಿ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಊರಿನ ಬಳಿ ಇರುವ ನಾಟರ್ ಡೇಮ್ ಎಂಬ ಕಾಲೇಜನ್ನು ಸೇರಿದಾಗ ಅವರಿಗೆ ಇಪ್ಪತ್ತೆರಡು ವರ್ಷ ತುಂಬಿತ್ತು. ಜೊತೆಯ ಹುಡುಗರಿಗಿಂತ ನಾಲ್ಕು ವರ್ಷ ದೊಡ್ಡವರು, ಆಗಲೇ ತಲೆಗೂದಲು ಉದುರತೊಡಗಿತ್ತು. ವಯಸ್ಸು ಮೀರಿತು, ಇನ್ನೇನು ಓದುವುದು ಎಂದು ಕೈಬಿಡುವ ನಮ್ಮ ಯುವಕರು ಈ ಸಂಗತಿಯನ್ನು ಗಮನಿಸಬೇಕು.

ಕಾಲೇಜಿನಲ್ಲಿ ಅವರು ಮುಟ್ಟದ ಕ್ಷೇತ್ರವಿರಲಿಲ್ಲ. ಫುಟ್‌ಬಾಲ್ ಆಡಿದರು, ಕೋಲು ಹಿಡಿದು ಎತ್ತರ ಜಿಗಿಯುವ ಪೋಲ್ ವಾಲ್ಟ್‌ನಲ್ಲಿ ಹೆಸರು ಮಾಡಿದರು, ಕೊಳಲು ನುಡಿಸಿದರು, ನಾಟಕಗಳಲ್ಲಿ ಪಾತ್ರ ವಹಿಸಿದರು. ಇಷ್ಟಾದರೂ ಓದನ್ನು ಕಡೆಗಣಿಸಲಿಲ್ಲ. 1914ರಲ್ಲಿ ಔಷಧಶಾಸ್ತ್ರದಲ್ಲಿ ಉನ್ನತ ಶ್ರೇಣಿಯ ಪದವಿ ಪಡೆದರು. ಕಾಲೇಜು ಅವರನ್ನು ಬಿಟ್ಟುಕೊಡಲಿಲ್ಲ. ರಸಾಯನಶಾಸ್ತ್ರ ವಿಭಾಗದಲ್ಲಿ ಬೋಧಕರಾಗಿ, ಜೊತೆಗೆ ಫುಟ್‌ಬಾಲ್ ತಂಡದ ಸಹಾಯಕ ತರಬೇತುದಾರರಾಗಿ ನೇಮಿಸಿಕೊಂಡಿತು. ಆ ವಿಭಾಗದಲ್ಲಿದ್ದ ಫಾದರ್ ಜೂಲಿಯಸ್ ನ್ಯೂಲಂಡ್ ದೊಡ್ಡ ವಿಜ್ಞಾನಿ. ಕೃತಕ ರಬ್ಬರ್ ತಯಾರಿಕೆಗೆ ಮುಂದೆ ದಾರಿ ತೋರಿದ್ದು ಅವರ ಸಂಶೋಧನೆಯೇ. ಅಂಥವರ ಪ್ರಯೋಗಾಲಯದಲ್ಲಿ ರಾಕ್ನಿ ಕೆಲಸ ಮಾಡಿದರು. ಅದೇ ವರ್ಷ ಬಾನಿ ಸ್ಕೈಲ್ಸ್ ಎಂಬುವರೊಡನೆ ವಿವಾಹವಾಯಿತು. ಈ ದಂಪತಿಗೆ ನಾಲ್ವರು ಮಕ್ಕಳು.

ಆಟದ ಸ್ವರೂಪ ಬದಲಾದ ಕಾಲ

ಇಲ್ಲಿ ಆಟದ ಬಗ್ಗೆ ಎರಡು ಮಾತು ಹೇಳಬೇಕು. ನಾವು ಫುಟ್‌ಬಾಲ್ ಎನ್ನುವ ಆಟ ಬೇರೆ, ಅಮೆರಿಕನ್ ಫುಟ್‌ಬಾಲ್ ಬೇರೆ. ಅಲ್ಲಿ ಚೆಂಡು ಮೊಟ್ಟೆಯಾಕಾರದ್ದು. ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಒಂದೊಂದು ತಂಡದಲ್ಲಿ ಹನ್ನೊಂದು ಮಂದಿ. ಚೆಂಡು ಹಿಡಿದ ತಂಡ ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುನ್ನಡೆಯಬೇಕು, ಇಲ್ಲವಾದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಎದುರಾಳಿಗಳು ನಮ್ಮ ಕಬಡ್ಡಿಯಂತೆ ಮೈಮೇಲೆ ಬಿದ್ದು ಹಿಡಿದು ಕೆಡವುತ್ತಾರೆ. ಅವರನ್ನೆಲ್ಲ ದಾಟಿ ಚೆಂಡನ್ನು ಕೊನೆಯ ಗೆರೆಯಾಚೆ ಒಯ್ದರೆ ಟಚ್‌ಡೌನ್, ಅದಕ್ಕೆ ಆರು ಅಂಕ.

ಮೊದಲೆಲ್ಲ ಇದು ಬರೀ ತಳ್ಳಾಟದ, ಗುದ್ದಾಟದ ಆಟವಾಗಿತ್ತು. 1905ರಲ್ಲಿ ಹಲವು ಹುಡುಗರು ಮೈದಾನದಲ್ಲಿಯೇ ಪ್ರಾಣ ಕಳೆದುಕೊಂಡರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರೇ ಕಾಲೇಜುಗಳ ಪ್ರತಿನಿಧಿಗಳನ್ನು ಕರೆಸಿ ಆಟವನ್ನು ಸುಧಾರಿಸಬೇಕೆಂದು ಹೇಳಬೇಕಾಯಿತು. ಅದರ ಫಲವಾಗಿ 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ನಿಯಮ ಅವಕಾಶ ಕೊಟ್ಟಿತು. ಇದಕ್ಕೆ ಫಾರ್ವರ್ಡ್ ಪಾಸ್ ಎಂದು ಹೆಸರು. ಆದರೆ ದೊಡ್ಡ ದೊಡ್ಡ ತಂಡಗಳು ಇದನ್ನು ಹಗುರವಾಗಿ ಕಂಡವು. ಬಲವಿರುವವನು ಚೆಂಡನ್ನು ಎಸೆಯುವುದೇಕೆ ಎಂಬುದು ಅವರ ಭಾವನೆ.

1913ರ ಬೇಸಿಗೆ ರಜೆಯಲ್ಲಿ ರಾಕ್ನಿ ಮತ್ತು ಅವರ ಗೆಳೆಯ ಗಸ್ ಡೊರೇ ಒಹಾಯೋ ರಾಜ್ಯದ ಸೀಡರ್ ಪಾಯಿಂಟ್ ಎಂಬ ಸರೋವರ ತೀರದ ವಿಹಾರಧಾಮದಲ್ಲಿ ಕೆಲಸಕ್ಕೆ ಸೇರಿದರು. ಬಿಡುವು ಸಿಕ್ಕಾಗಲೆಲ್ಲ ಮರಳಿನ ಮೇಲೆ ಒಬ್ಬರು ಎಸೆಯುವುದು, ಇನ್ನೊಬ್ಬರು ಓಡುತ್ತಲೇ ಹಿಡಿಯುವುದು. ಬೇಸಿಗೆಯುದ್ದಕ್ಕೂ ಇದೇ ಅಭ್ಯಾಸ. ಆ ವರ್ಷ ನವೆಂಬರ್ 1ರಂದು ನಾಟರ್ ಡೇಮ್ ತಂಡ ವೆಸ್ಟ್ ಪಾಯಿಂಟ್‌ನ ಸೈನಿಕ ಅಕಾಡೆಮಿಯ ಬಲಿಷ್ಠ ತಂಡವನ್ನು ಎದುರಿಸಿತು. ನಾಟರ್ ಡೇಮ್ ಹೆಸರನ್ನೇ ಸರಿಯಾಗಿ ಕೇಳಿರದ ಪೂರ್ವ ಭಾಗದ ಜನ ಸುಲಭ ಜಯ ಎಂದುಕೊಂಡಿದ್ದರು. ರಾಕ್ನಿ ಮೊದಲು ಕೆಲವು ಸಲ ಕಾಲು ನೋವಾದವನಂತೆ ಕುಂಟಿದರಂತೆ. ಎದುರಾಳಿ ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದಾದಾಗ ಒಮ್ಮೆಲೇ ಬಾಣದಂತೆ ಓಡಿ ಡೊರೇ ಎಸೆದ ಚೆಂಡು ಹಿಡಿದು ಟಚ್‌ಡೌನ್ ಮಾಡಿದರು. ನಾಟರ್ ಡೇಮ್ 35-13ರಿಂದ ಗೆದ್ದಿತು.

ಫಾರ್ವರ್ಡ್ ಪಾಸನ್ನು ರಾಕ್ನಿಯವರೇ ಕಂಡುಹಿಡಿದರು ಎಂದು ಹಲವರು ಹೇಳುವುದುಂಟು. ಅದು ತಪ್ಪು. ಏಳು ವರ್ಷದ ಹಿಂದೆಯೇ ನಿಯಮವಿತ್ತು, ಬೇರೆ ತಂಡಗಳೂ ಅದನ್ನು ಬಳಸಿದ್ದವು. ಎಲ್ಲರ ಕಣ್ಣೆದುರಿಗೇ ಇದ್ದ ಒಂದು ಸಾಧನವನ್ನು ಒಂದು ಬೇಸಿಗೆಯ ಶ್ರಮದಿಂದ ಹರಿತ ಮಾಡಿಕೊಂಡದ್ದು ಅವರ ಹೆಚ್ಚುಗಾರಿಕೆ. ಕುಂಟುವ ನಟನೆಯನ್ನೂ ನೆನಪಿಡಿ. ಶ್ರಮ ಮತ್ತು ನಟನೆ, ಇವೆರಡೂ ಕೊನೆಯವರೆಗೆ ಅವರ ಜೊತೆಗೇ ಬಂದವು.

ತರಬೇತುದಾರರಾಗಿ

1918ರಲ್ಲಿ ಹಿರಿಯ ತರಬೇತುದಾರ ಜೆಸ್ಸಿ ಹಾರ್ಪರ್ ನಿವೃತ್ತರಾಗಿ, ಆ ಸ್ಥಾನ ಮೂವತ್ತು ವರ್ಷದ ರಾಕ್ನಿಯವರಿಗೆ ಬಂತು. ಮರುವರ್ಷ, 1919ರಲ್ಲಿ, ತಂಡ ಆಡಿದ ಒಂಬತ್ತೂ ಪಂದ್ಯಗಳನ್ನು ಗೆದ್ದಿತು. 1920ರಲ್ಲಿ ಮತ್ತೆ ಒಂಬತ್ತಕ್ಕೆ ಒಂಬತ್ತು. ಆರಂಭದ ಕೆಲವು ವರ್ಷ ರಸಾಯನಶಾಸ್ತ್ರದ ಪಾಠವೂ ಜೊತೆಯಲ್ಲೇ ನಡೆದಿತ್ತು.

ಅವರು ಆಟವನ್ನು ಕಲಿಸಿದ ರೀತಿ ವಿಜ್ಞಾನದ ಪಾಠದಂತೆಯೇ ಇತ್ತು. ಯಾವ ಆಟಗಾರ ಯಾವ ಕ್ಷಣದಲ್ಲಿ ಎಷ್ಟು ಹೆಜ್ಜೆ ಇಡಬೇಕು, ಎತ್ತ ತಿರುಗಬೇಕು ಎಂಬುದೆಲ್ಲ ಲೆಕ್ಕ. ಚೆಂಡು ಚಲಿಸುವ ಮುನ್ನ ಹಿಂಸಾಲಿನ ನಾಲ್ವರು ಒಂದೇ ತಾಳದಲ್ಲಿ ಪಕ್ಕಕ್ಕೆ ಸರಿಯುವ ಒಂದು ವ್ಯೂಹವನ್ನು ಅವರ ತಂಡ ಎಷ್ಟು ಚೆನ್ನಾಗಿ ರೂಢಿಸಿಕೊಂಡಿತೆಂದರೆ, ಅದನ್ನು ತಡೆಯಲು ನಿಯಮವನ್ನೇ ಬಿಗಿಗೊಳಿಸಬೇಕಾಯಿತು. ಪಂದ್ಯದ ಆರಂಭಕ್ಕೆ ಎರಡನೆಯ ಸಾಲಿನ ಹುಡುಗರನ್ನು ಇಳಿಸಿ, ಎದುರಾಳಿ ದಣಿದ ಮೇಲೆ ಮೊದಲ ಸಾಲಿನವರನ್ನು ಕಳಿಸುವುದು ಅವರ ಇನ್ನೊಂದು ತಂತ್ರ. ಇದರಿಂದ ಪಂದ್ಯವೂ ಗೆಲ್ಲುತ್ತಿತ್ತು, ಹೆಚ್ಚು ಹುಡುಗರಿಗೆ ಆಡುವ ಅವಕಾಶವೂ ಸಿಗುತ್ತಿತ್ತು.

1924ರ ಅಕ್ಟೋಬರ್ 18ರಂದು ನ್ಯೂಯಾರ್ಕಿನಲ್ಲಿ ಸೈನಿಕ ಅಕಾಡೆಮಿ ತಂಡವನ್ನು 13-7ರಿಂದ ಸೋಲಿಸಿದಾಗ ಗ್ರ್ಯಾಂಟ್‌ಲ್ಯಾಂಡ್ ರೈಸ್ ಎಂಬ ಪತ್ರಕರ್ತರು ಹಿಂಸಾಲಿನ ನಾಲ್ವರು ಆಟಗಾರರನ್ನು ಬೈಬಲಿನಲ್ಲಿ ಬರುವ ನಾಲ್ವರು ಕುದುರೆ ಸವಾರರಿಗೆ ಹೋಲಿಸಿ ಬರೆದರು. ಹ್ಯಾರಿ ಸ್ಟುಲ್‌ಡ್ರೆಹರ್, ಜಿಮ್ ಕ್ರೌಲಿ, ಡಾನ್ ಮಿಲ್ಲರ್, ಎಲ್ಮರ್ ಲೇಡನ್ ಎಂಬ ಆ ಯುವಕರು ರಾತ್ರೋರಾತ್ರಿ ದೇಶಕ್ಕೆಲ್ಲ ಪರಿಚಿತರಾದರು. ಅವರನ್ನು ಕುದುರೆಗಳ ಮೇಲೆ ಕೂರಿಸಿ ತೆಗೆದ ಫೋಟೋ ಪತ್ರಿಕೆಗಳಲ್ಲಿ ಅಚ್ಚಾಯಿತು. ಹೊಗಳಿಕೆ ತಲೆಗೇರಿದರೆ ಏನು ಮಾಡುವುದು? ರಾಕ್ನಿ ಬೈಯಲಿಲ್ಲ. ಸವಾರರ ಮುಂದೆ ನಿಂತು ದಾರಿ ಬಿಡಿಸುವ ಏಳು ಮಂದಿ ಮುಂಸಾಲಿನವರನ್ನು ಹೊರಗೆ ಕರೆಸಿ, ಅವರ ಜಾಗಕ್ಕೆ ಬೇರೆಯವರನ್ನು ಕಳಿಸಿದರು ಎಂಬ ಕಥೆ ಪ್ರಸಿದ್ಧವಾಗಿದೆ. ಸವಾರರು ಎದ್ದಲ್ಲೇ ಬಿದ್ದರು. ಹೆಸರು ಬರದ ಏಳು ಮಂದಿಯ ಬಲದಿಂದಲೇ ಹೆಸರು ಬಂದ ನಾಲ್ವರು ಓಡುತ್ತಿದ್ದಾರೆ ಎಂಬ ಪಾಠ ಒಂದು ಮಾತೂ ಆಡದೆ ಮನದಟ್ಟಾಯಿತು. ಆ ವರ್ಷದ ಹತ್ತೂ ಪಂದ್ಯಗಳನ್ನು ತಂಡ ಗೆದ್ದಿತು. 1925ರ ಜನವರಿ 1ರಂದು ಕ್ಯಾಲಿಫೋರ್ನಿಯಾದಲ್ಲಿ ನಡೆದ ರೋಸ್ ಬೌಲ್ ಪಂದ್ಯದಲ್ಲಿ ಸ್ಟ್ಯಾನ್‌ಫರ್ಡ್ ತಂಡವನ್ನು 27-10ರಿಂದ ಸೋಲಿಸಿ ರಾಷ್ಟ್ರದ ಅಗ್ರ ತಂಡವೆನಿಸಿತು.

ಒಂದು ಕಾಲೇಜು, ಒಂದು ಸಮುದಾಯ

ನಾಟರ್ ಡೇಮ್ ಕ್ಯಾಥೊಲಿಕ್ ಪಾದ್ರಿಗಳು ನಡೆಸುತ್ತಿದ್ದ ವಿದ್ಯಾಸಂಸ್ಥೆ. ಅಂದಿನ ಅಮೆರಿಕದಲ್ಲಿ ಪ್ರಾಟೆಸ್ಟೆಂಟರೇ ಬಹುಸಂಖ್ಯಾತರು. ಐರ್ಲೆಂಡ್, ಪೋಲೆಂಡ್, ಇಟಲಿಯಿಂದ ವಲಸೆ ಬಂದು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಕ್ಯಾಥೊಲಿಕರನ್ನು ಸಂಶಯದಿಂದ ನೋಡುವವರು ಬಹಳ ಇದ್ದರು. ಕೂ ಕ್ಲಕ್ಸ್ ಕ್ಲಾನ್ ಎಂಬ ದ್ವೇಷದ ಸಂಘಟನೆ ಇಂಡಿಯಾನಾ ರಾಜ್ಯದಲ್ಲಿ ಆಗ ಪ್ರಬಲವಾಗಿತ್ತು. 1924ರ ಮೇ ತಿಂಗಳಲ್ಲಿ ಅದು ಸೌತ್ ಬೆಂಡ್‌ನಲ್ಲಿಯೇ ಸಮಾವೇಶ ಕರೆದಾಗ ಅದರವರಿಗೂ ನಾಟರ್ ಡೇಮ್ ವಿದ್ಯಾರ್ಥಿಗಳಿಗೂ ಬೀದಿಯಲ್ಲಿ ಘರ್ಷಣೆಯಾಯಿತು. ಕಾಲೇಜಿನ ಅಧ್ಯಕ್ಷ ಫಾದರ್ ಮ್ಯಾಥ್ಯೂ ವಾಲ್ಷ್ ಖುದ್ದಾಗಿ ಹೋಗಿ ಹುಡುಗರಿಗೆ ಬುದ್ಧಿ ಹೇಳಿ ಹಿಂದಕ್ಕೆ ಕರೆತಂದರು. ಅದೇ ವರ್ಷ ಕೆಲವು ತಿಂಗಳ ನಂತರ ನಾಲ್ವರು ಸವಾರರ ತಂಡ ದೇಶದ ಮನ್ನಣೆ ಗಳಿಸಿತು. ಬೀದಿಯ ಜಗಳ ತಂದುಕೊಡಲಾರದ ಗೌರವವನ್ನು ಮೈದಾನ ತಂದುಕೊಟ್ಟಿತು.

ಅಕ್ಕಪಕ್ಕದ ದೊಡ್ಡ ವಿಶ್ವವಿದ್ಯಾಲಯಗಳ ಕ್ರೀಡಾ ಒಕ್ಕೂಟ ನಾಟರ್ ಡೇಮನ್ನು ಸದಸ್ಯನಾಗಿ ಸೇರಿಸಿಕೊಳ್ಳಲಿಲ್ಲ. ರಾಕ್ನಿ ಇದನ್ನೇ ಅನುಕೂಲ ಮಾಡಿಕೊಂಡರು. ರೈಲಿನಲ್ಲಿ ತಂಡವನ್ನು ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ವರೆಗೆ ಕರೆದೊಯ್ದು ಎಲ್ಲೆಲ್ಲೂ ಆಡಿಸಿದರು. ನಾಟರ್ ಡೇಮನ್ನು ಎಂದೂ ಕಾಣದ ಕೂಲಿಕಾರರು, ಗುಮಾಸ್ತರು ಅದನ್ನು ತಮ್ಮದೇ ತಂಡವೆಂದು ಅಭಿಮಾನಪಟ್ಟರು. ಟಿಕೆಟಿನ ಹಣದಿಂದ ಕಾಲೇಜಿನ ಬೆಳವಣಿಗೆಗೆ ನೆರವಾಯಿತು. 1930ರಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಕೂರಬಹುದಾದ ಸ್ವಂತ ಕ್ರೀಡಾಂಗಣವೂ ತಲೆಯೆತ್ತಿತು. ತಮಾಷೆಯೆಂದರೆ, ಐರಿಷ್ ವೀರರೆಂದು ಕರೆಸಿಕೊಂಡ ಈ ತಂಡದ ಗುರು ನಾರ್ವೆಯವರು, ಹುಟ್ಟಿನಿಂದ ಲೂಥರನ್ ಪಂಥದವರು. 1925ರಲ್ಲಿ ಅವರು ತಮ್ಮ ಇಚ್ಛೆಯಿಂದ ಕ್ಯಾಥೊಲಿಕ್ ಪಂಥ ಸ್ವೀಕರಿಸಿದರು.

ಗಿಪ್ ಕಥೆ

ಈಗ ಮೊದಲು ಹೇಳಿದ ಪ್ರಶ್ನೆಗೆ ಬರೋಣ. ಜಾರ್ಜ್ ಗಿಪ್ ಎಂಬಾತ ರಾಕ್ನಿಯವರ ಮೊದಲ ದೊಡ್ಡ ಶಿಷ್ಯ. ಓಟ, ಎಸೆತ, ಒದೆತ ಮೂರರಲ್ಲೂ ಅಸಾಧಾರಣ ಪ್ರತಿಭೆ. ಆದರೆ ತರಗತಿಗೆ ಬರುತ್ತಿರಲಿಲ್ಲ. ಜೂಜು, ಇಸ್ಪೀಟು, ಬಿಲಿಯರ್ಡ್ಸ್ ಅವನ ಹವ್ಯಾಸಗಳು. 1920ರ ಆರಂಭದಲ್ಲಿ ಕಾಲೇಜು ಅವನನ್ನು ಹೊರಹಾಕಿ, ಮತ್ತೆ ಸೇರಿಸಿಕೊಂಡಿತು. ಆ ವರ್ಷದ ಕೊನೆಯಲ್ಲಿ ಗಂಟಲ ಸೋಂಕು ನ್ಯುಮೋನಿಯಾಕ್ಕೆ ತಿರುಗಿ, ಡಿಸೆಂಬರ್ 14ರಂದು ಇಪ್ಪತ್ತೈದನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು.

ಎಂಟು ವರ್ಷಗಳು ಕಳೆದವು. 1928 ರಾಕ್ನಿಯವರ ಪಾಲಿಗೆ ಕೆಟ್ಟ ವರ್ಷ. ಗಾಯಗೊಂಡವರು ಹಲವರು, ಅನುಭವವಿಲ್ಲದವರು ಉಳಿದವರು. ನವೆಂಬರ್ 10ರಂದು ನ್ಯೂಯಾರ್ಕಿನ ಯಾಂಕಿ ಕ್ರೀಡಾಂಗಣದಲ್ಲಿ ಅದುವರೆಗೆ ಸೋಲು ಕಾಣದ ಸೈನಿಕ ಅಕಾಡೆಮಿ ತಂಡ ಎದುರಿಗಿತ್ತು. ಆ ದಿನ ಉಡುಪಿನ ಕೋಣೆಯಲ್ಲಿ ರಾಕ್ನಿ ಹುಡುಗರನ್ನು ಕೂರಿಸಿಕೊಂಡು ಗಿಪ್‌ನ ಮರಣಶಯ್ಯೆಯ ಕಥೆ ಹೇಳಿದರು. ಎಂದಾದರೂ ತಂಡಕ್ಕೆ ಕಷ್ಟದ ದಿನ ಬಂದರೆ ತನ್ನ ಹೆಸರಿನಲ್ಲಿ ಒಂದು ಪಂದ್ಯ ಗೆಲ್ಲುವಂತೆ ಹುಡುಗರನ್ನು ಕೇಳಬೇಕೆಂದು ಗಿಪ್ ಕೋರಿದ್ದನೆಂದೂ, ಆ ದಿನ ಇದೇ ಎಂದೂ ತಿಳಿಸಿದರು. ಕೇಳಿದವರ ಕಣ್ಣು ತುಂಬಿ ಬಂತು. ನಾಟರ್ ಡೇಮ್ ಆ ಪಂದ್ಯವನ್ನು 12-6ರಿಂದ ಗೆದ್ದಿತು. ಕೊನೆಗಳಿಗೆಯಲ್ಲಿ ಎದುರಾಳಿ ಗೆರೆಯ ಹತ್ತಿರಕ್ಕೇ ಬಂದು ನಿಂತಿದ್ದರು. ಇನ್ನು ಸ್ವಲ್ಪ ಸಮಯವಿದ್ದರೆ ಫಲಿತಾಂಶ ಬದಲಾಗುತ್ತಿತ್ತು.

ಗಿಪ್ ನಿಜವಾಗಿ ಹಾಗೆ ಕೇಳಿದ್ದನೇ? ಇತಿಹಾಸಕಾರರಲ್ಲಿ ಅನೇಕರು ನಂಬುವುದಿಲ್ಲ. ಎಂಟು ವರ್ಷ ಈ ಮಾತು ಎಲ್ಲಿಯೂ ಹೊರಬಿದ್ದಿರಲಿಲ್ಲ. ಗಿಪ್‌ನ ಸ್ವಭಾವಕ್ಕೂ ಇಂಥ ಕೋರಿಕೆಗೂ ಹೊಂದಿಕೆಯಾಗುವುದಿಲ್ಲ. ರಾಕ್ನಿಯವರ ಹಿಂದಿನ ನಡೆಯೂ ಸಂಶಯಕ್ಕೆ ಎಡೆ ಕೊಡುತ್ತದೆ. 1922ರಲ್ಲಿ ಅಟ್ಲಾಂಟಾ ನಗರದಲ್ಲಿ ಜಾರ್ಜಿಯಾ ಟೆಕ್ ತಂಡದ ವಿರುದ್ಧ ಆಡುವ ಮುನ್ನ, ತಮ್ಮ ಪುಟ್ಟ ಮಗ ಬಿಲ್ಲಿ ಆಸ್ಪತ್ರೆಯಲ್ಲಿದ್ದಾನೆ, ತಂಡ ಗೆಲ್ಲಬೇಕೆಂದು ಆಸೆಪಡುತ್ತಿದ್ದಾನೆ ಎಂದು ಹುಡುಗರಿಗೆ ತಿಳಿಸಿದ್ದರು. ಹುಡುಗರು ಜೀವ ಪಣಕ್ಕಿಟ್ಟು ಆಡಿ 13-3ರಿಂದ ಗೆದ್ದರು. ಊರಿಗೆ ಮರಳಿದಾಗ ನಿಲ್ದಾಣದಲ್ಲಿ ಅವರನ್ನು ಎದುರುಗೊಂಡ ಜನರ ನಡುವೆ ಬಿಲ್ಲಿ ಕುಣಿದಾಡುತ್ತಿದ್ದನಂತೆ! ಜಿಮ್ ಕ್ರೌಲಿ ಈ ಪ್ರಸಂಗವನ್ನು ನಗುತ್ತಾ ಹೇಳುತ್ತಿದ್ದರು. ಶಿಷ್ಯರು ಗುರುವನ್ನು ಕ್ಷಮಿಸಿದರು ಎನ್ನುವುದು ನಿಜ. ಆದರೆ ಶಿಷ್ಯರು ಕ್ಷಮಿಸಿದ ಮಾತ್ರಕ್ಕೆ ಸುಳ್ಳು ಸತ್ಯವಾಗುವುದಿಲ್ಲ.

ಓದುಗರೇ, ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಿ. 1928ರಲ್ಲಿ ಗಿಪ್ ಕಥೆಯಿಂದ ಗೆದ್ದ ತಂಡ ಮುಂದಿನ ವಾರ ಏನು ಮಾಡಿತು? ತನ್ನ ಸ್ವಂತ ಮೈದಾನದಲ್ಲಿ ಕಾರ್ನೆಗಿ ಟೆಕ್ ತಂಡಕ್ಕೆ 27-7ರಿಂದ ಸೋತಿತು. 1905ರಿಂದ ಆ ಮೈದಾನದಲ್ಲಿ ನಾಟರ್ ಡೇಮ್ ಸೋತಿರಲೇ ಇಲ್ಲ. ಅದರ ನಂತರದ ಪಂದ್ಯವನ್ನೂ ಸೋತಿತು. ಒಟ್ಟು ಐದು ಗೆಲುವು, ನಾಲ್ಕು ಸೋಲು. ರಾಕ್ನಿಯವರ ಇಡೀ ವೃತ್ತಿಜೀವನದ ಅತ್ಯಂತ ಕಳಪೆ ಫಲಿತಾಂಶ ಇದೇ. ಕಣ್ಣೀರಿನ ಕಥೆ ಒಂದು ಮಧ್ಯಾಹ್ನಕ್ಕೆ ಸಾಕಾಯಿತು, ಒಂದು ವಾರಕ್ಕೆ ಸಾಕಾಗಲಿಲ್ಲ.

ಮುಂದಿನ ಎರಡು ವರ್ಷ ನೋಡಿ. 1929ರಲ್ಲಿ ಹೊಸ ಕ್ರೀಡಾಂಗಣ ಕಟ್ಟುತ್ತಿದ್ದ ಕಾರಣ ತಂಡಕ್ಕೆ ಊರಿನಲ್ಲಿ ಆಡಲು ಜಾಗವೇ ಇರಲಿಲ್ಲ, ಎಲ್ಲ ಪಂದ್ಯಗಳೂ ಪರಸ್ಥಳದಲ್ಲಿ. ಸಾಲದ್ದಕ್ಕೆ ರಾಕ್ನಿಯವರ ಕಾಲಿನ ರಕ್ತನಾಳದಲ್ಲಿ ಉರಿಯೂತ ಕಾಣಿಸಿಕೊಂಡಿತು. ರಕ್ತ ಹೆಪ್ಪುಗಟ್ಟಿ ಹೃದಯಕ್ಕೆ ಹೋದರೆ ಪ್ರಾಣಕ್ಕೇ ಅಪಾಯವೆಂದು ವೈದ್ಯರು ಎಚ್ಚರಿಸಿದರು. ಕೆಲವು ಪಂದ್ಯಗಳಿಗೆ ಅವರು ಹೋಗಲಾಗಲಿಲ್ಲ, ಸಹಾಯಕರೇ ತಂಡ ನಡೆಸಿದರು. ಗಾಲಿಕುರ್ಚಿಯಲ್ಲಿ ಕುಳಿತೇ ಅಭ್ಯಾಸ ಮಾಡಿಸಿದರು. ಆದರೂ ಒಂಬತ್ತಕ್ಕೆ ಒಂಬತ್ತು ಗೆಲುವು. 1930ರಲ್ಲಿ ಹತ್ತಕ್ಕೆ ಹತ್ತು. ಸತತ ಹತ್ತೊಂಬತ್ತು ಜಯ, ಎರಡು ವರ್ಷವೂ ರಾಷ್ಟ್ರದ ಅಗ್ರ ಸ್ಥಾನ. ಗುರು ಎದುರಿಗಿಲ್ಲದ ದಿನವೂ ಶಿಷ್ಯರು ಗೆದ್ದರೆಂದರೆ ಅದು ಭಾಷಣದ ಬಲವಲ್ಲ, ಕಲಿಕೆಯ ಬಲ. ಗಿಪ್ ಕಥೆಯನ್ನು ಜಗತ್ತು ನೆನಪಿಟ್ಟುಕೊಂಡಿದೆ, ಈ ಹತ್ತೊಂಬತ್ತು ಪಂದ್ಯಗಳನ್ನು ಮರೆತಿದೆ. ರಾಕ್ನಿಯವರ ನಿಜವಾದ ದೊಡ್ಡಸ್ತಿಕೆ ಇರುವುದು ಮರೆತ ಭಾಗದಲ್ಲಿ.

ದೋಷಗಳೂ ಇದ್ದವು

ಮಹನೀಯರ ಜೀವನ ಬರೆಯುವಾಗ ಗುಣಗಳನ್ನು ಮಾತ್ರ ಬರೆದರೆ ಓದುವವರಿಗೆ ಉಪಯೋಗವಿಲ್ಲ. ರಾಕ್ನಿಯವರಿಗೆ ಹೆಸರಿನ ಆಸೆಯಿತ್ತು. 1925ರ ಕೊನೆಯಲ್ಲಿ ನಾಟರ್ ಡೇಮ್‌ನೊಂದಿಗಿನ ಒಪ್ಪಂದ ಮುಗಿಯದಿರುವಾಗಲೇ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಲು ಮಾತುಕತೆ ನಡೆಸಿ, ಸುದ್ದಿ ಬಹಿರಂಗವಾದಾಗ ಮುಜುಗರಪಟ್ಟು ಹಿಂದೆ ಸರಿದರು. 1926ರ ನವೆಂಬರ್ 27ರಂದು ಇನ್ನೂ ದೊಡ್ಡ ತಪ್ಪು ಮಾಡಿದರು. ಅದುವರೆಗೆ ಎಂಟೂ ಪಂದ್ಯ ಗೆದ್ದಿದ್ದ ತಂಡವನ್ನು ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗಿ ಟೆಕ್ ವಿರುದ್ಧ ಆಡಲು ಸಹಾಯಕರ ವಶಕ್ಕೆ ಬಿಟ್ಟು, ತಾವು ಸೈನ್ಯ ಮತ್ತು ನೌಕಾ ಅಕಾಡೆಮಿಗಳ ನಡುವಿನ ದೊಡ್ಡ ಪಂದ್ಯ ನೋಡಲು ಷಿಕಾಗೋಗೆ ಹೋದರು. ಎದುರಾಳಿ ದುರ್ಬಲ ಎಂಬ ಉದಾಸೀನ. ತಂಡ 19-0ರಿಂದ ಸೋತಿತು, ಅಗ್ರ ಸ್ಥಾನ ಕೈತಪ್ಪಿತು. ಚೆನ್ನಾಗಿ ಓದಿದ ವಿಷಯವೆಂದು ಪರೀಕ್ಷೆಯ ಹಿಂದಿನ ದಿನ ಪುಸ್ತಕ ಮುಚ್ಚಿಡುವವರಿಗೆ ಇದು ಒಳ್ಳೆಯ ಎಚ್ಚರಿಕೆ.

ಅವರ ಮಾತಿನ ಶಕ್ತಿಗೆ ಮಾರುಕಟ್ಟೆಯೂ ಬೆಲೆ ಕಟ್ಟಿತು. ಸೌತ್ ಬೆಂಡ್‌ನ ಸ್ಟುಡಿಬೇಕರ್ ಕಾರು ಕಂಪನಿ ತನ್ನ ಮಾರಾಟಗಾರರನ್ನು ಹುರಿದುಂಬಿಸಲು ಅವರಿಂದ ಭಾಷಣ ಮಾಡಿಸುತ್ತಿತ್ತು. ಅವರ ಮರಣದ ನಂತರ ರಾಕ್ನಿ ಹೆಸರಿನ ಕಾರನ್ನೇ ಮಾರುಕಟ್ಟೆಗೆ ತಂದಿತು. ಆದರೆ ಹಣ ತಾರದ ಕೆಲಸವನ್ನೂ ಅವರು ಮಾಡಿದರು. ಆರ್ಥಿಕ ಕುಸಿತದ ಆ ದಿನಗಳಲ್ಲಿ, 1930ರ ಡಿಸೆಂಬರ್ 14ರಂದು, ನ್ಯೂಯಾರ್ಕಿನ ನಿರುದ್ಯೋಗಿಗಳ ನೆರವಿಗಾಗಿ ತಮ್ಮ ಹಳೆಯ ಮತ್ತು ಹೊಸ ಶಿಷ್ಯರನ್ನು ಸೇರಿಸಿ ನ್ಯೂಯಾರ್ಕ್ ಜೈಂಟ್ಸ್ ಎಂಬ ವೃತ್ತಿಪರ ತಂಡದೊಡನೆ ಪಂದ್ಯವಾಡಿಸಿದರು. 22-0ರಿಂದ ಸೋತರೂ ಪರಿಹಾರ ನಿಧಿಗೆ ದೊಡ್ಡ ಮೊತ್ತ ಕೂಡಿತು. ಅವರು ನಡೆಸಿದ ಕೊನೆಯ ಪಂದ್ಯ ಇದೇ ಆಯಿತು.

ಅಂತ್ಯ ಮತ್ತು ಉಳಿದದ್ದು

1931ರ ಮಾರ್ಚ್ 31ರಂದು ರಾಕ್ನಿ ಒಂದು ಚಲನಚಿತ್ರದ ಕೆಲಸಕ್ಕಾಗಿ ಕ್ಯಾನ್ಸಾಸ್ ಸಿಟಿಯಿಂದ ಲಾಸ್ ಏಂಜಲೀಸ್‌ಗೆ ವಿಮಾನದಲ್ಲಿ ಹೊರಟರು. ಫೋಕರ್ ಕಂಪನಿಯ ಆ ವಿಮಾನದ ರೆಕ್ಕೆ ಮರದ್ದು. ಒಳಗೆ ಸೇರಿದ ತೇವದಿಂದ ಅಂಟು ಸಡಿಲವಾಗಿ, ಕ್ಯಾನ್ಸಾಸ್ ರಾಜ್ಯದ ಬಜಾರ್ ಎಂಬ ಹಳ್ಳಿಯ ಹತ್ತಿರ ರೆಕ್ಕೆ ಮುರಿದು ವಿಮಾನ ಹುಲ್ಲುಗಾವಲಿಗೆ ಬಿತ್ತು. ಅದರಲ್ಲಿದ್ದ ಎಂಟೂ ಮಂದಿ ಮಡಿದರು. ಅಧ್ಯಕ್ಷ ಹರ್ಬರ್ಟ್ ಹೂವರ್ ಸಂತಾಪ ಕಳಿಸಿದರು. ನಾರ್ವೆಯ ದೊರೆ ಅಂತ್ಯಕ್ರಿಯೆಗೆ ತಮ್ಮ ಪ್ರತಿನಿಧಿಯನ್ನು ಕಳಿಸಿದರು. ರೇಡಿಯೋ ಮೂಲಕ ದೇಶದ ಜನ ಆ ಪ್ರಾರ್ಥನೆಯನ್ನು ಆಲಿಸಿದರು.

ಈ ಸಾವು ವ್ಯರ್ಥವಾಗಲಿಲ್ಲ. ಹೆಸರಾಂತ ವ್ಯಕ್ತಿಯೊಬ್ಬರು ಹೋದದ್ದರಿಂದ ವಿಮಾನಗಳ ಸುರಕ್ಷತೆಯ ಬಗ್ಗೆ ಜನ ಪ್ರಶ್ನೆ ಕೇಳತೊಡಗಿದರು. ಸರ್ಕಾರ ಆ ಮಾದರಿಯ ವಿಮಾನಗಳ ಹಾರಾಟವನ್ನು ಕೆಲಕಾಲ ನಿಲ್ಲಿಸಿ ತಪಾಸಣೆ ಬಿಗಿಗೊಳಿಸಿತು. ಮರದ ರೆಕ್ಕೆಯ ಪ್ರಯಾಣಿಕ ವಿಮಾನಗಳ ಕಾಲ ಮುಗಿದು, ಪೂರ್ಣ ಲೋಹದ ವಿಮಾನಗಳು ಬೇಗ ಬಂದವು.

1940ರಲ್ಲಿ ರಾಕ್ನಿ ಜೀವನ ಕುರಿತ ಚಲನಚಿತ್ರ ತೆರೆಕಂಡಿತು. ಅದರಲ್ಲಿ ಗಿಪ್ ಪಾತ್ರ ಮಾಡಿದ ರೊನಾಲ್ಡ್ ರೇಗನ್ ಮುಂದೆ ಅಮೆರಿಕದ ಅಧ್ಯಕ್ಷರೇ ಆದರು. ಹೀಗೆ ಆ ಕಥೆ ಅಮರವಾಯಿತು. ಆದರೆ ಶಿಷ್ಯಪರಂಪರೆಯ ಕಥೆ ಅದಕ್ಕಿಂತ ಮುಖ್ಯವಾದದ್ದು. 1918ರಲ್ಲಿ ಅವರ ಕೈಕೆಳಗೆ ಆಡಿದ ಕರ್ಲಿ ಲ್ಯಾಂಬೋ ಮರುವರ್ಷ ಗ್ರೀನ್ ಬೇ ಪ್ಯಾಕರ್ಸ್ ತಂಡ ಸ್ಥಾಪಿಸಿದವರಲ್ಲಿ ಒಬ್ಬರು. ಎಲ್ಮರ್ ಲೇಡನ್, ಫ್ರಾಂಕ್ ಲೇಹಿ ಮುಂದೆ ನಾಟರ್ ಡೇಮ್‌ನಲ್ಲಿಯೇ ಗುರುವಿನ ಸ್ಥಾನದಲ್ಲಿ ಕುಳಿತರು. ಜಿಮ್ ಕ್ರೌಲಿ ಫೋರ್ಡಮ್ ವಿಶ್ವವಿದ್ಯಾಲಯದಲ್ಲಿ ತರಬೇತುದಾರರಾದರು. ಅಲ್ಲಿ ಅವರ ಬಳಿ ಕಲಿತ ವಿನ್ಸ್ ಲೊಂಬಾರ್ಡಿ ಎಂಬ ಹುಡುಗ ಮುಂದೆ ಅದೇ ಗ್ರೀನ್ ಬೇ ತಂಡವನ್ನು ಐದು ಬಾರಿ ಚಾಂಪಿಯನ್ ಮಾಡಿದರು. ಇಂದು ಅಮೆರಿಕದ ವೃತ್ತಿಪರ ಫುಟ್‌ಬಾಲಿನಲ್ಲಿ ಗೆದ್ದ ತಂಡಕ್ಕೆ ಕೊಡುವ ಟ್ರೋಫಿಗೆ ಲೊಂಬಾರ್ಡಿ ಹೆಸರಿದೆ. ಉಸ್ತಾದರಿಂದ ಶಾಗಿರ್ದನಿಗೆ, ಅವನಿಂದ ಅವನ ಶಾಗಿರ್ದನಿಗೆ ಹೀಗೆ ವಿದ್ಯೆ ಹರಿಯಿತು.

ಪ್ರಿಯ ವಿದ್ಯಾರ್ಥಿಗಳೇ, ಪರೀಕ್ಷೆ ಹತ್ತಿರ ಬಂದಾಗ ಹುರಿದುಂಬಿಸುವ ಭಾಷಣಗಳನ್ನು ನೀವು ಬಹಳ ಕೇಳುತ್ತೀರಿ. ಕೇಳಿ, ತಪ್ಪಿಲ್ಲ. ಆದರೆ ಆ ಉತ್ಸಾಹ ಸಂಜೆಯ ಹೊತ್ತಿಗೆ ಇಳಿದುಹೋಗುತ್ತದೆ ಎಂಬುದನ್ನು 1928ರ ನಾಟರ್ ಡೇಮ್ ತಂಡದಿಂದ ತಿಳಿಯಿರಿ. ಸೀಡರ್ ಪಾಯಿಂಟಿನ ಮರಳಿನಲ್ಲಿ ಇಬ್ಬರು ಗೆಳೆಯರು ಯಾರೂ ನೋಡದಿರುವಾಗ ಬೇಸಿಗೆಯುದ್ದಕ್ಕೂ ಮಾಡಿದ ಅಭ್ಯಾಸ ಇಳಿದುಹೋಗುವಂಥದ್ದಲ್ಲ. ಇನ್ನು ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ನಮ್ಮ ಮಕ್ಕಳಿಗೆ ನಾವು ಹೇಳುವ ಕಥೆ ನಿಜವಾದದ್ದಾಗಿರಲಿ. ಕಥೆ ಹೇಳಲು ಬಾರದವರು ಬೇಸರಪಡಬೇಕಾಗಿಲ್ಲ. ನಾವು ತರಗತಿಯಲ್ಲಿ ಇಲ್ಲದ ದಿನವೂ ಮಕ್ಕಳು ತಾವಾಗಿಯೇ ಲೆಕ್ಕ ಬಿಡಿಸಿದರೆ, ತಾವಾಗಿಯೇ ಪುಟ ತಿರುವಿ ಓದಿದರೆ, ನಮ್ಮ ಪಾಠ ಗೆದ್ದಿತೆಂದು ತಿಳಿಯಬಹುದು.